ಭಾನುವಾರ ಬೆಳಗ್ಗೆ ಮಳೆನೀರು ಚರಂಡಿ ಕೆಲಸ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ.

ಮಳೆ ಜೋರಾಗುವ ಮೊದಲು, ಈ ಭಾನುವಾರ ಬೆಳಗ್ಗೆ 7ರಿಂದ 9ರವರೆಗೆ ನಮ್ಮ ಬಡಾವಣೆಯ ಮಳೆನೀರು ಚರಂಡಿಗಳ ಬಾಯಿಗೆ ಸಿಕ್ಕಿಕೊಂಡ ಕಸ ತೆಗೆಯೋಣ. ಎರಡನೇ, ಮೂರನೇ ಕ್ರಾಸ್‌ನವರು ಶನಿವಾರ ರಾತ್ರಿಯೇ ಗಾಡಿಗಳನ್ನು ಒಳಗೆ ನಿಲ್ಲಿಸಿ.

ಹೊಸಬರಿಗೆ ಒಂದು ಮಾತು. ಬಚ್ಚಲು, ಶೌಚಾಲಯದ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕಾದ್ದು. ರಸ್ತೆ ಬದಿಯ ಚರಂಡಿ ಹಾಗಲ್ಲ. ಅದಕ್ಕೆ ಬಿದ್ದದ್ದು ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ ನದಿ. ಹೊಸೂರಿನ ಹತ್ತಿರ ಅದೇ ನದಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲೂ ನೊರೆ ಏಳುತ್ತದೆ, ನಮ್ಮ ಊರಿನ ಕೊಳಕಿನಿಂದ. ಆ ನೀರನ್ನೇ ನಂಬಿ ಬೆಳೆ ಇಡುವ ರೈತರು ಅಲ್ಲಿದ್ದಾರೆ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ.

ಹಾಗಾಗಿ ರಸ್ತೆಯಲ್ಲಿ ಸೋಪು ಹಾಕಿ ಕಾರು ತೊಳೆಯಬೇಡಿ. ಒಂದು ಬಕೆಟ್ ನೀರು, ಒದ್ದೆ ಬಟ್ಟೆ ಸಾಕು. ಪೇಂಟ್ ತೊಳೆದ ನೀರು, ಹಳೆ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಮನೆ ಕಟ್ಟಿಸುತ್ತಿರುವವರು ಮರಳಿಗೆ ಟಾರ್ಪಾಲು ಹೊದಿಸಿ. ತಾರಸಿ ಪೈಪನ್ನು ಒಳಚರಂಡಿಗೆ ಸೇರಿಸಿದ್ದರೆ ದಯವಿಟ್ಟು ಬಿಡಿಸಿ, ಇಂಗುಗುಂಡಿಗೆ ತಿರುಗಿಸಿ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಲು ಅದೂ ಒಂದು ಕಾರಣ. ಉಕ್ಕಿದ ಹೊಲಸೂ ಕೆರೆಗೇ ಹೋಗುತ್ತದೆ, ಅಲ್ವಾ?

ಭಾನುವಾರ ಯಾರೂ ಚರಂಡಿಯೊಳಗೆ ಇಳಿಯುವುದು ಬೇಡ, ಮೇಲಿನಿಂದಲೇ ಎತ್ತೋಣ. ಕೈಗವಸು ತನ್ನಿ. ಗುದ್ದಲಿ, ಮಂಕರಿ ಇದ್ದವರು ಇಲ್ಲೇ ತಿಳಿಸಿ. ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು ಹಾಕಿ.