ಸೋಲಾರ್ ಜಮೀನಿನ ಭೂಪರಿವರ್ತನೆ: ಭಾನುವಾರದ ಸಭೆ

ಎಲ್ಲ ರೈತ ಬಂಧುಗಳಿಗೆ ನಮಸ್ಕಾರ.

ನಮ್ಮೂರಿನ ಸೋಲಾರ್ ಘಟಕಕ್ಕೆ ಜಮೀನು ಗುತ್ತಿಗೆ ಕೊಡಲು ಒಪ್ಪಿರುವವರೆಲ್ಲರೂ ಇದೇ ಭಾನುವಾರ ಬೆಳಿಗ್ಗೆ 10 ಗಂಟೆಗೆ ಪಂಚಾಯಿತಿ ಕಟ್ಟಡದ ಮುಂದೆ ಸೇರಬೇಕಾಗಿ ವಿನಂತಿ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಭೂಪರಿವರ್ತನೆ ಆಗಬೇಕಿದ್ದು, ಆ ಅರ್ಜಿಯ ಕಾಗದಗಳನ್ನು ಅಂದು ಒಟ್ಟಿಗೆ ಪರಿಶೀಲಿಸೋಣ.

ಬರುವಾಗ ಇತ್ತೀಚಿನ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿ ಮತ್ತು ಆಧಾರ್ ತನ್ನಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವವರಿಗೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಯೂ ಬೇಕಾಗುತ್ತದೆ.

ಪಹಣಿಯನ್ನು ಮನೆಯಲ್ಲೇ ಒಮ್ಮೆ ಗಮನವಿಟ್ಟು ಓದಿ. ಮೊನ್ನೆ ನೋಡಿದ ಒಂದು ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ತೀರಿಹೋದ ಅಜ್ಜನ ಹೆಸರೇ ಇತ್ತು; ತೀರಿಸಿ ವರ್ಷಗಳಾದ ಬೆಳೆಸಾಲ, ಋಣಗಳನ್ನು ತೋರಿಸುವ 11ನೇ ಕಾಲಂನಲ್ಲಿ ಹಾಗೆಯೇ ಉಳಿದಿತ್ತು. ಅಂಥವರು ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮತ್ತು ಬ್ಯಾಂಕಿನ ಋಣಮುಕ್ತ ಪತ್ರದ ಕೆಲಸವನ್ನು ಈಗಲೇ ಹಿಡಿಯುವುದು ಒಳ್ಳೆಯದು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ, ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಗುತ್ತಿಗೆಗೂ ಸರ್ಕಾರದ ಪೂರ್ವಾನುಮತಿ ಬೇಕು. ದಯವಿಟ್ಟು ಇದನ್ನು ಮುಚ್ಚಿಡಬೇಡಿ, ಮುಂದೆ ಕಷ್ಟವಾಗುವುದು ನಿಮಗೇ.

ಗುತ್ತಿಗೆ ಕರಾರಿನ ಕರಡನ್ನೂ ಅಂದು ಕನ್ನಡದಲ್ಲಿ ಓದಿ ಹೇಳಲಾಗುವುದು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರು ಜಮೀನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರಿಕೆಯ ಷರತ್ತಿನೊಂದಿಗೆ ಗುತ್ತಿಗೆ ಕೊಟ್ಟರು. ನಮ್ಮ ಕರಾರಿನಲ್ಲಿಯೂ ಏರಿಕೆಯ ಮಾತು ಬರವಣಿಗೆಯಲ್ಲಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ದನ ಮೇಯುವ ದಾರಿ ಮತ್ತು ಕೆರೆಗೆ ನೀರು ಹರಿಯುವ ಹಳ್ಳ ಬೇಲಿಯೊಳಗೆ ಸೇರದಂತೆಯೂ ನೋಡಿಕೊಳ್ಳಬೇಕು.

ಬರುವವರು ಶುಕ್ರವಾರ ಸಂಜೆಯೊಳಗೆ ತಮ್ಮ ಹೆಸರು ಮತ್ತು ಸರ್ವೆ ನಂಬರನ್ನು ನನಗೆ ಪ್ರತ್ಯೇಕವಾಗಿ ಕಳುಹಿಸಿ. ಪಹಣಿಯ ಫೋಟೊಗಳನ್ನು ಗುಂಪಿನಲ್ಲಿ ಹಾಕಬೇಡಿ.