ಟೆಕ್ನಿಕಲ್ ಸೇಲ್ಸ್ ಇಂಟರ್‌ವ್ಯೂಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸಾಫ್ಟ್‌ವೇರ್ ಕಂಪನಿಗಳ ಪ್ರಿ-ಸೇಲ್ಸ್, ಸೇಲ್ಸ್ ಇಂಜಿನಿಯರ್ ಕೆಲಸಕ್ಕೆ (ಗ್ರಾಹಕರಿಗೆ ಸಾಫ್ಟ್‌ವೇರ್ ತೋರಿಸಿ, ಟೆಕ್ನಿಕಲ್ ಪ್ರಶ್ನೆಗಳಿಗೆ ಉತ್ತರಿಸಿ ಮಾರಾಟಕ್ಕೆ ನೆರವಾಗುವ ಕೆಲಸ) ಅರ್ಜಿ ಹಾಕಿದವರಿಗೆ ಈ ಸೂಚನೆ.

ಮೊದಲು ಎಚ್‌ಆರ್ ಫೋನ್, ಆಮೇಲೆ ಮ್ಯಾನೇಜರ್ ಜೊತೆ ಮಾತು. ಇವಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ಪರೀಕ್ಷೆ ಡೆಮೊ ಸುತ್ತು, ಅಂದರೆ ಸಾಫ್ಟ್‌ವೇರನ್ನು ನೀವೇ ತೋರಿಸಿ ವಿವರಿಸುವುದು. ಇಂಟರ್‌ವ್ಯೂ ಮಾಡುವವರೇ ಗ್ರಾಹಕರಂತೆ ಕೂರುತ್ತಾರೆ. ಒಬ್ಬರು ಬೆಲೆ ಜಾಸ್ತಿ ಎನ್ನುತ್ತಾರೆ, ಇನ್ನೊಬ್ಬರು ಸೆಕ್ಯುರಿಟಿ ಬಗ್ಗೆ ಕೆದಕುತ್ತಾರೆ, ಮತ್ತೊಬ್ಬರು ಮಧ್ಯದಲ್ಲೇ ಮಾತು ತುಂಡರಿಸುತ್ತಾರೆ. ಬೇಕಂತಲೇ ಮಾಡುವುದು, ಗಾಬರಿ ಬೇಡ. ಫೀಚರ್‌ಗಳನ್ನು ಒಂದೊಂದಾಗಿ ಒದರುತ್ತಾ ಹೋದರೆ ಕೆಲಸ ಕೆಟ್ಟಿತು. ಮೊದಲು ಕೇಳಿ: ಈ ಕೆಲಸ ಈಗ ಹೇಗೆ ನಡೆಯುತ್ತಿದೆ, ಎಲ್ಲಿ ತೊಂದರೆ, ಖರೀದಿಗೆ ಯಾರು ಒಪ್ಪಬೇಕು? ಉತ್ತರಕ್ಕೆ ತಕ್ಕ ಎರಡು ಮೂರು ವಿಷಯ ಮಾತ್ರ ತೋರಿಸಿ. ನೆಟ್ ಕೈಕೊಟ್ಟರೆ ಇರಲಿ ಅಂತ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಟೆಕ್ನಿಕಲ್ ಸುತ್ತಿನಲ್ಲಿ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾಹಿತಿ ಹಂಚಿಕೊಳ್ಳುವ ದಾರಿ), ಡೇಟಾಬೇಸ್, ಕ್ಲೌಡ್ ಇವೇ ಹೆಚ್ಚು. "ಅಕೌಂಟ್ಸ್‌ನವರಿಗೆ ಅರ್ಥವಾಗುವಂತೆ ಎಪಿಐ ವಿವರಿಸಿ" ಎನ್ನಬಹುದು. ಗೊತ್ತಿಲ್ಲದ್ದಕ್ಕೆ ಸುಮ್ನೆ ಬುರುಡೆ ಬಿಡಬೇಡಿ. "ವಿಚಾರಿಸಿ ನಾಳೆ ತಿಳಿಸುತ್ತೇನೆ" ಅಂದರೆ ಸಾಕು. ಈ ಕೆಲಸದಲ್ಲಿ ಆಗಾಗ ಹೇಳಬೇಕಾದ ಮಾತೇ ಅದು, ಅಲ್ವಾ?

ಸಂಬಳದಲ್ಲಿ ಒಂದು ಭಾಗ ಖಾಯಂ, ಇನ್ನೊಂದು ಮಾರಾಟದ ಟಾರ್ಗೆಟ್ ಮೇಲೆ. ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ. ಟಾರ್ಗೆಟ್ ನಿಮ್ಮೊಬ್ಬರದ್ದೋ ತಂಡದ್ದೋ, ಕಳೆದ ವರ್ಷ ಎಷ್ಟು ಜನ ಮುಟ್ಟಿದರು, ನೀವೊಬ್ಬರೇ ಎಷ್ಟು ಸೇಲ್ಸ್‌ನವರಿಗೆ ನೆರವಾಗಬೇಕು ಎಂದು ಕೇಳಲು ಸಂಕೋಚ ಬೇಡ.

ಈ ವಾರ ಡೆಮೊ ಇರುವವರು ಇಲ್ಲೇ ತಿಳಿಸಿ. ಗ್ರಾಹಕರಾಗಿ ಕಾಡಲು ನಾವು ಕೆಲವರು ಸಿದ್ಧ.