ಮೊದಲು ಕಾಳು ನಿಲ್ಲಲಿ, ಬಲೆ ಆಮೇಲೆ

ಮಾನ್ಯರೇ,

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಪಾರಿವಾಳಗಳಲ್ಲಿ ಬಹುಪಾಲು ಸಾಕುಹಕ್ಕಿಗಳ ಬೀದಿಪಾಲಾದ ಸಂತತಿ. ಗೂಡಿಗೆ ಮೂಲ ವಂಶದ ಬಂಡೆಯ ಬಿರುಕಿನ ಬದಲು ಸಜ್ಜಾ, ಎಸಿ ಪೆಟ್ಟಿಗೆಯ ಸಂದು ಸಿಕ್ಕಿದೆ, ಅಷ್ಟೆ. ಒಂದು ಸಲಕ್ಕೆ 2 ಮೊಟ್ಟೆ, ಸುಮಾರು 18 ದಿನ ಕಾವು, ವರ್ಷಕ್ಕೆ ಹಲವು ಸಲ. ಹಿಡಿದು ದೂರ ಬಿಟ್ಟರೂ ಮರಳುತ್ತವೆ. ಓಲೆ ಒಯ್ದ ವಂಶವಲ್ಲವೇ! ಪುಣ್ಯಕ್ಕೆಂದು ಕಾಳು ಚೆಲ್ಲುವುದು ನಿಲ್ಲದೆ ಸಂಖ್ಯೆ ಇಳಿಯದು.

ಪಾರಿವಾಳ ಒಳಬರದಂತೆ ಬಾಲ್ಕನಿಗೆ ಕಟ್ಟುವ ಬಲೆಯ ಕಣ್ಣು 50 ಮಿ.ಮೀ. ಮೀರಬಾರದು. ಸಡಿಲವಾಗಿ ಕಟ್ಟಿದರೆ ಹಕ್ಕಿ ಸಿಲುಕಿ ಸಾಯುತ್ತದೆ. ಕಟ್ಟುವ ಮುನ್ನ ಒಳಗೆ ಮರಿ ಇದೆಯೇ ನೋಡಿ. ಒಣಗಿದ ಹಿಕ್ಕೆಯನ್ನು ಗುಡಿಸಲೇಬೇಡಿ. ಆ ದೂಳಿನಿಂದ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಬರಬಹುದು. ಎನ್‌-95 ಮಾಸ್ಕ್ ಹಾಕಿ, ನೀರು ಚಿಮುಕಿಸಿ ನೆನೆಸಿ, ಕೆರೆದು, ಚೀಲಕ್ಕೆ ತುಂಬಿ ಬಾಯಿ ಕಟ್ಟಿ.

– ಅಪಾರ್ಟ್‌ಮೆಂಟ್ ನಿರ್ವಹಣೆ ನೋಡಿಕೊಳ್ಳುವ ಓದುಗರು, ಬೆಂಗಳೂರು